ಆಫ್ ಮಾಡಿ, ಹತ್ತು ನಿಮಿಷ ಕಾಯಿರಿ: ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್-8 ಕೊಳ್ಳುವವರಿಗೆ

ಪ್ರಶ್ನೆ: ನಾನಿರೋದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಊರು ಹಾಸನ. ಕಾಲೇಜಿನಲ್ಲಿದ್ದಾಗಿನಿಂದ ಮಜ್ದಾ ಆರ್‌ಎಕ್ಸ್-8 ಕಾರಿನ ಮೇಲೆ ಆಸೆ. ಈಗ 2005ರ ಮಾಡೆಲ್ ಒಂದು 5,500 ಡಾಲರ್‌ಗೆ ಸಿಗುತ್ತಿದೆ. ಆರು ಗಿಯರಿನ ಮ್ಯಾನ್ಯುಯಲ್, 78 ಸಾವಿರ ಮೈಲಿ ಓಡಿದೆ. ಮಾಲೀಕರು "ಎಂಜಿನ್ ಚೆನ್ನಾಗಿದೆ, ಕಂಪ್ರೆಶನ್ ಕೂಡ ಓಕೆ" ಅನ್ನುತ್ತಾರೆ. ರೋಟರಿ ಎಂಜಿನ್ ಸಹವಾಸ ಬೇಡ ಅಂತ ಗೆಳೆಯರೆಲ್ಲ ಹೆದರಿಸುತ್ತಿದ್ದಾರೆ. ಆಫೀಸು ಮನೆಯಿಂದ ಮೂರೇ ಮೈಲಿ. ತಗೊಳ್ಳಲಾ? ಏನೇನು ನೋಡಬೇಕು?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಅರ್ಧ ನಿಜ. ಈ ಕಾರಿನ ಎಂಜಿನ್ ಸವೆಯುತ್ತದೆ. ಟಯರ್ ಸವೆದ ಹಾಗೆ, ಕ್ಲಚ್ ಸವೆದ ಹಾಗೆ, ಇದರಲ್ಲಿ ಎಂಜಿನ್ನೂ ಸವೆಯುವ ಸಾಮಾನು ಅಂತಲೇ ಲೆಕ್ಕ. ಹಾಗಾಗಿ ಪೇಂಟ್, ಸೀಟು, ಓಡೋಮೀಟರ್ ಎಲ್ಲ ಆಮೇಲೆ. ಎಂಜಿನ್ ಎಷ್ಟು ಸವೆದಿದೆ, ಇನ್ನೆಷ್ಟು ಉಳಿದಿದೆ ಅಂತ ಮೊದಲು ಗೊತ್ತಾಗಬೇಕು, ಬೆಲೆ ಅದರ ಮೇಲೆ ನಿಲ್ಲಬೇಕು. ನನ್ನ ಹತ್ತಿರ ಈ ಕಾರು ಎರಡು ಬಂದವು. ಮೊದಲನೆಯದರಲ್ಲಿ ಮೋಸ ಹೋದೆ. ಎರಡನೆಯದು ಇನ್ನೂ ಗರಾಜಿನಲ್ಲಿದೆ, ಖುಷಿಯಾಗಿದೆ.

"ಕಂಪ್ರೆಶನ್ ಓಕೆ" ಅನ್ನೋ ಮಾತನ್ನು ಈಗಲೇ ಮರೆತುಬಿಡಿ. ಎಂಜಿನ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಒತ್ತಿಕೊಳ್ಳುತ್ತದೆ ಅನ್ನುವುದೇ ಕಂಪ್ರೆಶನ್, ಅದಕ್ಕೊಂದು ಅಳತೆ ಇದೆ. ಅಂಕಿ ಹೇಳದೆ ಬಿಪಿ ನಾರ್ಮಲ್ ಅಂದ ಹಾಗಾಯಿತು ಅದು.

ಅಂಕಿ ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದರೆ ಎಂಜಿನ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಅಜ್ಜಿ ಮನೆಯ ಒರಳುಕಲ್ಲು ನೆನಪಿದೆಯಾ? ಗುಂಡು ತನ್ನಷ್ಟಕ್ಕೆ ತಿರುಗುತ್ತಲೇ ಒರಳಿನ ಗೋಡೆಗೆ ಒರಗಿಕೊಂಡು ಸುತ್ತಲೂ ಹೋಗುತ್ತದೆ. ರೋಟರಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಗುಂಡಿನ ಜಾಗದಲ್ಲಿ ಮೂರು ಮೂಲೆಯ ರೋಟರ್, ಒರಳಿನ ಜಾಗದಲ್ಲಿ ನಡುವೆ ಸ್ವಲ್ಪ ಸೊಂಟ ಇರುವ ಮೊಟ್ಟೆಯಾಕಾರದ ಹೌಸಿಂಗ್. ರೋಟರಿನ ಮೂರು ಮುಖಗಳೂ ಒಂದೊಂದು ಪಿಸ್ಟನ್ ಕೆಲಸ ಮಾಡುತ್ತವೆ. ಪ್ರತಿ ಮೂಲೆಯಲ್ಲಿ ಒಂದು ಪಟ್ಟಿ, ಅದು ಅಪೆಕ್ಸ್ ಸೀಲ್. ಪಕ್ಕಗಳಲ್ಲಿ ಸೈಡ್ ಸೀಲ್. ಇವೆಲ್ಲ ಸ್ಪ್ರಿಂಗ್ ಒತ್ತಡದಲ್ಲಿ ಗೋಡೆಯನ್ನು ಉಜ್ಜುತ್ತಲೇ ಇರುತ್ತವೆ. ಗಾಳಿ ಸೋರದ ಹಾಗೆ ಹಿಡಿಯುವುದು ಇವೇ, ಸವೆಯುವುದೂ ಇವೇ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಅಂದರೆ ಮೀಟರ್ 9,000 ಆರ್‌ಪಿಎಂ (ನಿಮಿಷಕ್ಕೆ 9,000 ಸುತ್ತು) ತೋರಿಸುವಾಗ ರೋಟರ್ ತಿರುಗುವುದು 3,000 ಸಲ ಅಷ್ಟೇ. ಅಷ್ಟು ಮೇಲಕ್ಕೆ ಹೋದರೂ ಎಂಜಿನ್ ನಡುಗದೇ ಇರಲು ಇದೂ ಒಂದು ಕಾರಣ. ಒಟ್ಟು 1.3 ಲೀಟರ್, 1,308 ಸಿಸಿ, ಎರಡು ರೋಟರ್. ಈ ಪುಟಾಣಿ ಎಂಜಿನ್ನಿಂದ ನಿಮ್ಮ 2005ರ ಮ್ಯಾನ್ಯುಯಲ್ ಕಾರಿಗೆ 238 ಹಾರ್ಸ್‌ಪವರ್. ಮೊದಲು 247 ಅಂತ ಹೇಳಿಕೊಂಡಿದ್ದ ಕಂಪನಿ ಆಮೇಲೆ 238 ಅಂತ ಇಳಿಸಿ, ಬೇಡ ಅಂದ ಗ್ರಾಹಕರ ಕಾರನ್ನು ವಾಪಸ್ ಕೊಳ್ಳುವುದಾಗಿಯೂ ಹೇಳಬೇಕಾಯಿತು. ನಮ್ಮ ಊರಲ್ಲಿ ಮಜ್ದಾ ಅಂದರೆ ಸ್ವರಾಜ್ ಮಜ್ದಾ ವ್ಯಾನು, ಅಲ್ವಾ? ಅದೇ ಹೆಸರಿನ ಕಂಪನಿ 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರಿನಲ್ಲಿ ಲೆ ಮಾನ್ 24 ಗಂಟೆ ರೇಸ್ ಗೆದ್ದಿತ್ತು ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಈಗ ಕಂಪ್ರೆಶನ್ ಟೆಸ್ಟ್. ಮಾಮೂಲಿ ಕಾರಿಗೆ ಬಳಸುವ ಗೇಜ್ ಇದಕ್ಕೆ ಸಾಲದು. ಅದರಲ್ಲಿ ಒಂದು ವಾಲ್ವ್ ಇರುತ್ತದೆ, ಸಿಕ್ಕಿದ ಒತ್ತಡದಲ್ಲಿ ಅತಿ ಹೆಚ್ಚಿನದನ್ನು ಹಿಡಿದಿಟ್ಟುಕೊಂಡು ತೋರಿಸುತ್ತದೆ. ಒಂದು ರೋಟರಿನಲ್ಲಿ ಮೂರು ಮುಖ, ಎರಡು ಸತ್ತು ಒಂದು ಚೆನ್ನಾಗಿದ್ದರೂ ಗೇಜ್ ಚೆನ್ನಾಗಿರುವುದನ್ನೇ ತೋರಿಸಿ ನಿಮ್ಮನ್ನು ಮನೆಗೆ ಕಳಿಸುತ್ತದೆ. ರೋಟರಿಗೆ ಅಂತಲೇ ಮಾಡಿದ ಟೆಸ್ಟರ್ ಬೇಕು. ರೋಟರಿ ಕೆಲಸ ಗೊತ್ತಿರುವ ಶಾಪ್‌ಗಳಲ್ಲಿ ಇರುತ್ತದೆ, ಕೆಲವು ಮಜ್ದಾ ಡೀಲರ್‌ಗಳ ಹತ್ತಿರವೂ ಇರುತ್ತದೆ. ಇನ್ನೂರು ಡಾಲರ್ ಆಚೀಚೆ ಆಗಬಹುದು. ನೀವು ಈ ಕಾರಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಅತ್ಯಂತ ಒಳ್ಳೆಯ ಖರ್ಚು ಇದೇ.

ಅವರು ಕೊಡುವ ಶೀಟಿನಲ್ಲಿ ಆರು ಅಂಕಿ ಇರಬೇಕು, ಮುಂದಿನ ರೋಟರಿಗೆ ಮೂರು, ಹಿಂದಿನದಕ್ಕೆ ಮೂರು. ಜೊತೆಗೆ ಸ್ಟಾರ್ಟರ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿತ್ತು ಅನ್ನುವುದೂ ಇರಲೇಬೇಕು. ಮಜ್ದಾ ಲೆಕ್ಕ ಇರುವುದು 250 ಆರ್‌ಪಿಎಂಗೆ. ಹೊಸ ಸ್ಟಾರ್ಟರ್, ಹೊಸ ಬ್ಯಾಟರಿ ಹಾಕಿ ಇನ್ನೂ ಜೋರಾಗಿ ತಿರುಗಿಸಿದರೆ ಸುಸ್ತಾದ ಎಂಜಿನ್ ಕೂಡ ಒಳ್ಳೆಯ ಅಂಕಿ ಕೊಡುತ್ತದೆ. ಆರ್‌ಪಿಎಂ ಇಲ್ಲದ ಶೀಟು ರದ್ದಿ ಪೇಪರ್. 250ಕ್ಕೆ ಸರಿಹೊಂದಿಸಿದ ಮೇಲೆ 830 ಕಿಲೋಪಾಸ್ಕಲ್ ಇದ್ದರೆ ಹೊಸ ಎಂಜಿನ್ ಲೆಕ್ಕ. 680ಕ್ಕಿಂತ ಕೆಳಗೆ ಹೋದರೆ ಎಂಜಿನ್ ಮುಗಿಯಿತು ಅಂತ ಕಂಪನಿಯೇ ಹೇಳುತ್ತದೆ. ಒಂದೇ ರೋಟರಿನ ಮೂರು ಮುಖಗಳ ನಡುವೆ ವ್ಯತ್ಯಾಸ 150 ದಾಟಬಾರದು, ಎರಡು ರೋಟರುಗಳ ನಡುವೆ 100 ದಾಟಬಾರದು. ಪಿಎಸ್‌ಐನಲ್ಲಿ ಬರೆದುಕೊಟ್ಟರೆ ಹೊಸದಕ್ಕೆ 120, ಕೊನೆಯ ಗಡಿಗೆ 99 ಅಂತ ಇಟ್ಟುಕೊಳ್ಳಿ.

ಅಂಕಿ ಎಷ್ಟು ಅನ್ನುವುದರ ಜೊತೆ ಅವು ಹೇಗೆ ಬಿದ್ದಿವೆ ಅಂತಲೂ ನೋಡಿ. ಮುಂದಿನದು 760, 750, 770, ಹಿಂದಿನದು 740, 600, 735 ಅಂತ ಬಂತು ಅಂದುಕೊಳ್ಳಿ. ಒಂದೇ ಮುಖ ಕುಸಿದಿದೆ. ಇಲ್ಲಿ ನನ್ನ ಅನುಮಾನ ಸೈಡ್ ಸೀಲ್ ಮೇಲೆ, ಕರಿ ಕಟ್ಟಿಕೊಂಡು ಅಂಟಿಕೊಂಡಿರಬಹುದು ಅಥವಾ ಸವೆದಿರಬಹುದು. ಅಪೆಕ್ಸ್ ಸೀಲ್ ಹೋಗಿದ್ದರೆ ಒಂದು ಮುಖ ಮಾತ್ರ ಬೀಳುವುದಿಲ್ಲ. ಅದು ಎರಡು ಮುಖಗಳ ನಡುವಿನ ಗೋಡೆ ಇದ್ದ ಹಾಗೆ, ಅಕ್ಕಪಕ್ಕದ ಎರಡೂ ಅಂಕಿ ಒಟ್ಟಿಗೆ ಬೀಳುತ್ತವೆ. ಆರೂ ಅಂಕಿ 690, 700 ಅಂತ ಸಮನಾಗಿ ಕೆಳಗಿದ್ದರೆ ಎಂಜಿನ್ ವಯಸ್ಸಾಗಿದೆ, ಇನ್ನೂ ಓಡುತ್ತದೆ, ಜಾಸ್ತಿ ದಿನ ಅಲ್ಲ.

ಶೀಟಿಗಿಂತ ಮುಂಚೆ ನೀವೇ ಪುಕ್ಕಟೆಯಾಗಿ ಮಾಡಬಹುದಾದ ಪರೀಕ್ಷೆ ಒಂದಿದೆ. ನನಗೆ ಅದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಮೊದಲ ಕಾರು ನೋಡಲು ಹೋದಾಗ ಮಾರುವವರು ಗೇಟಿನ ಹತ್ತಿರವೇ ಎಂಜಿನ್ ಆನ್ ಮಾಡಿ ನಿಲ್ಲಿಸಿಕೊಂಡಿದ್ದರು. "ಬಿಸಿಲು ಜಾಸ್ತಿ ಅಲ್ವಾ, ನಿಮಗೋಸ್ಕರ ಎಸಿ ಹಾಕಿಟ್ಟಿದ್ದೆ" ಅಂದರು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ. ಓಡಿಸಿದೆ, ಚೆನ್ನಾಗಿತ್ತು. ವಾಪಸ್ ಬಂದು ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಮೇಲೆ ಪೇಪರ್ ಇಟ್ಟು ಸಹಿ ಹಾಕಿದೆ. ಮನೆಗೆ ಬರುವ ದಾರಿಯಲ್ಲಿ ಗಿಲ್‌ರಾಯ್ ಹತ್ತಿರ ಪೆಟ್ರೋಲ್ ಹಾಕಿಸಿ ಕೀ ತಿರುಗಿಸಿದರೆ ಬರೀ ಕುಯ್ಯ್ ಕುಯ್ಯ್ ಕುಯ್ಯ್. ಹನ್ನೆರಡು ಹದಿಮೂರು ಸೆಕೆಂಡ್ ತಿರುಗಿಸಿದ ಮೇಲೆ ಕೆಮ್ಮುತ್ತಾ ಎದ್ದಿತು. ಹಿಂದೆ ನಿಂತಿದ್ದ ಟ್ರಕ್ಕಿನವನು ಹಾರ್ನ್ ಮೇಲೆ ಹಾರ್ನ್. ಮುಂದಿನ ವಾರ ಟೆಸ್ಟ್ ಮಾಡಿಸಿದರೆ ಹಿಂದಿನ ರೋಟರ್ 600ರ ಆಸುಪಾಸು.

ಕಂಪ್ರೆಶನ್ ಕಡಿಮೆ ಇರುವ ರೋಟರಿ ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆಗುತ್ತದೆ, ಬಿಸಿ ಇದ್ದಾಗ ಸತಾಯಿಸುತ್ತದೆ. ಆದ್ದರಿಂದ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಅದೂ ಇದೂ ಮಾತಾಡಿ, ಮತ್ತೆ ಕೀ ತಿರುಗಿಸಿ. ಎರಡು ಸೆಕೆಂಡಿನಲ್ಲಿ ಎದ್ದರೆ ಒಳ್ಳೆಯದು. ಐದಾರು ಸೆಕೆಂಡ್ ಎಳೆದರೆ ಅಲ್ಲೇ ಕೈ ಮುಗಿದು ಬನ್ನಿ, ಅಥವಾ ಎಂಜಿನ್ ಇಲ್ಲದ ಕಾರಿನ ಬೆಲೆ ಹೇಳಿ. ಆಕ್ಸಿಲರೇಟರ್ ಒತ್ತದೆ ಸ್ಟಾರ್ಟ್ ಆಗಬೇಕು ಅನ್ನುವುದನ್ನೂ ಗಮನಿಸಿ.

ಕೋಲ್ಡ್ ಸ್ಟಾರ್ಟ್ ಕೂಡ ನೋಡಲೇಬೇಕು, ಅದಕ್ಕೆ ಬೆಳಗ್ಗೆಯೇ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿ. ಹೋದ ತಕ್ಷಣ ಸುಮ್ನೆ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಆದ ಕೂಡಲೇ ಆರ್‌ಪಿಎಂ ಮೇಲೇರಿ ವ್ಯಾಕ್ಯೂಮ್ ಕ್ಲೀನರ್ ತರಹ ಒಂದು ಸದ್ದು ಬರುತ್ತದೆ, ಅದು ಎಕ್ಸಾಸ್ಟ್‌ಗೆ ಗಾಳಿ ತಳ್ಳುವ ಪಂಪ್, ಗಾಬರಿ ಬೇಡ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಒಂದು ಪುಕ್ ಹೊಗೆ ಬಂದರೂ ಪರವಾಗಿಲ್ಲ. ಬಿಳಿ ಹೊಗೆ ಬರುತ್ತಲೇ ಇದ್ದು ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಎಂಜಿನ್ ತಣ್ಣಗಿರುವಾಗಲೇ, ಸ್ಟಾರ್ಟ್ ಮಾಡುವ ಮುಂಚೆ, ಕೂಲೆಂಟ್ ಬಾಟಲಿನ ಮುಚ್ಚಳ ತೆಗೆದು ನೋಡಿ. ಎಣ್ಣೆಯ ಪದರ ಇರಬಾರದು, ಸ್ಟಾರ್ಟ್ ಮಾಡಿದ ಮೇಲೆ ಗುಳ್ಳೆ ಏಳುತ್ತಲೇ ಇರಬಾರದು. ಬಿಸಿ ಇದ್ದಾಗ ಮಾತ್ರ ಆ ಮುಚ್ಚಳ ಮುಟ್ಟಬೇಡಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ, ಅದು ಮಧ್ಯದಲ್ಲೇ ಕೂತಿರುತ್ತದೆ, ಏಳುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿರುತ್ತದೆ.

ಆಯಿಲ್ ಹಾಕುವ ಮುಚ್ಚಳದ ಕೆಳಗೆ ಹಳದಿ ಬೆಣ್ಣೆಯಂಥದ್ದು ಕಂಡರೆ ಬೇರೆ ಕಾರಿನಲ್ಲಾದರೆ ನಾನೇ ಓಡಿ ಹೋಗಿ ಅನ್ನುತ್ತಿದ್ದೆ. ಇದರಲ್ಲಿ ಆ ಕೊಳವೆ ತಣ್ಣಗಿರುವುದರಿಂದ ತೇವ ಅಲ್ಲಿ ಕಟ್ಟಿಕೊಳ್ಳುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಚೆನ್ನಾಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆದರೆ ಕಾರು ಚಿಕ್ಕ ಚಿಕ್ಕ ದೂರ ಮಾತ್ರ ಓಡಿದೆ ಅಂತ ಅದೇ ಹೇಳಿಬಿಡುತ್ತದೆ.

ಆಯಿಲ್ ಮಾತು ಬಂತಲ್ಲ, ಮಾಲೀಕರನ್ನು ಅಳೆಯುವ ಪ್ರಶ್ನೆ ಇಲ್ಲೇ ಇದೆ. "ಕೊನೆಯ ಸಲ ಆಯಿಲ್ ಟಾಪ್ ಅಪ್ ಮಾಡಿದ್ದು ಯಾವಾಗ?" ಅಂತ ಕೇಳಿ. ಚೇಂಜ್ ಅಲ್ಲ, ಟಾಪ್ ಅಪ್. ಈ ಎಂಜಿನ್ ಬೇಕಂತಲೇ ಆಯಿಲ್ ಸುಡುತ್ತದೆ. ಸೀಲುಗಳಿಗೆ ಜಿಡ್ಡು ಬೇಕಲ್ಲ, ಅದಕ್ಕೆ ಒಂದು ಪಂಪ್ ಸಂಪ್‌ನಿಂದಲೇ ಆಯಿಲ್ ಎತ್ತಿ ಒಳಗೆ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ. ಜೋರಾಗಿ ಓಡಿಸಿದರೆ ಸಾವಿರ ಮೈಲಿಗೆ ಒಂದು ಕ್ವಾರ್ಟ್ ಹೋದರೂ ಆಶ್ಚರ್ಯ ಇಲ್ಲ. "ಮೊನ್ನೆ ಪೆಟ್ರೋಲ್ ಹಾಕಿಸಿದಾಗ ನೋಡಿದೆ, ಅರ್ಧ ಕ್ವಾರ್ಟ್ ಹಾಕಿದೆ" ಅಂದರೆ, ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಡಬ್ಬ ಕಂಡರೆ, ಒಳ್ಳೆಯ ಕೈಯಲ್ಲಿದ್ದ ಕಾರು. "ನಮ್ಮ ಕಾರು ಆಯಿಲ್ ಕುಡಿಯೋದೇ ಇಲ್ಲ ಸಾರ್" ಅಂತ ಹೆಮ್ಮೆ ಪಟ್ಟರೆ ಇಲ್ಲಿ ಎರಡರಲ್ಲೊಂದು, ಪಂಪ್ ಕೆಲಸ ಮಾಡುತ್ತಿಲ್ಲ ಅಥವಾ ಅವರು ಡಿಪ್‌ಸ್ಟಿಕ್ ಎಳೆದು ನೋಡಿಯೇ ಇಲ್ಲ. ನಮ್ಮಪ್ಪನ ಹತ್ತಿರ ಮೈಸೂರಲ್ಲೇ ತಯಾರಾದ ಯೆಜ್ಡಿ ಇತ್ತು. ಪೆಟ್ರೋಲ್ ಜೊತೆ ಆಯಿಲ್ ಅಳೆದು ಹಾಕದೆ ಅವರು ಬಂಕ್‌ನಿಂದ ಕದಲುತ್ತಿರಲಿಲ್ಲ. ನಾನು ಈಗ ಆರ್‌ಎಕ್ಸ್-8ಗೂ ಟ್ಯಾಂಕಿನಲ್ಲಿ ಸ್ವಲ್ಪ ಟೂ ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಕಂಪನಿ ಹಾಗೆ ಮಾಡಿ ಅಂತ ಹೇಳಿಲ್ಲ, ಬೇಕೋ ಬೇಡವೋ ಅಂತ ಮಾಲೀಕರಲ್ಲೇ ಜಗಳ ಇದೆ. ನನಗಂತೂ ಅಪ್ಪನ ಅಭ್ಯಾಸ.

ಮುಂದಿನದು ಇಗ್ನಿಶನ್ ಕಾಯಿಲ್, ಪ್ಲಗ್‌ಗೆ ಕಿಡಿ ಹೊತ್ತಿಸುವ ಕರೆಂಟ್ ಕೊಡುವುದು ಇದೇ. ನಾಲ್ಕಿವೆ, ಪ್ಲಗ್ಗೂ ನಾಲ್ಕು. ಮೂವತ್ತು ನಲವತ್ತು ಸಾವಿರ ಮೈಲಿಗೆ ಕಾಯಿಲ್ ಸೋಲುತ್ತವೆ. ಸೋತರೆ ಪಿಕಪ್ ಸ್ವಲ್ಪ ಕಡಿಮೆ ಆಗುತ್ತದೆ, ಅಷ್ಟೇ ತಾನೇ ಅಂತ ಜನ ಓಡಿಸುತ್ತಲೇ ಇರುತ್ತಾರೆ. ಅಲ್ಲೇ ಎಡವಟ್ಟು. ಸುಡದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಒಳಗೆ ಉರಿಯುತ್ತದೆ, ಅದು ಕರಗಿ ಕಟ್ಟಿಕೊಳ್ಳುತ್ತದೆ, ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಎಂಜಿನ್ ಕಡೆಗೇ ತಿರುಗುತ್ತದೆ, ಸೀಲುಗಳು ಸಾಯುತ್ತವೆ. ಸತ್ತ ಎಂಜಿನ್ನುಗಳಲ್ಲಿ ಎಷ್ಟೋ ಹೀಗೆ ಒಂದು ಕಾಯಿಲ್‌ನಿಂದ ಶುರುವಾದ ಕಥೆಗಳೇ. ಕಾಯಿಲ್ ಯಾವಾಗ ಬದಲಾಯಿಸಿದರು, ರಸೀದಿ ಇದೆಯಾ ಅಂತ ಕೇಳಿ.

ಇಪ್ಪತ್ತು ಮೂವತ್ತು ಡಾಲರಿನ ಒಬಿಡಿ ಸ್ಕ್ಯಾನರ್ ಒಂದು ಜೇಬಿನಲ್ಲಿರಲಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ ಅದು. ಪಿ0300, ಪಿ0301, ಪಿ0302 ಬಂದರೆ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಪಿ0420 ಬಂದರೆ ಕ್ಯಾಟ್ ಮೇಲೆ ಅನುಮಾನ. ಏನೂ ಕೋಡ್ ಇಲ್ಲ ಅಂತ ಖುಷಿಪಡುವ ಮುಂಚೆ ಅದೇ ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ನೋಡಿ, ಕಾರು ತನ್ನ ಪರೀಕ್ಷೆಗಳನ್ನು ತಾನೇ ಮಾಡಿ ಮುಗಿಸಿದೆಯಾ ಅಂತ ಅದು ಹೇಳುತ್ತದೆ. ಎಲ್ಲ "ನಾಟ್ ರೆಡಿ" ಅಂತ ತೋರಿಸಿದರೆ ಇವತ್ತು ಬೆಳಗ್ಗೆಯೇ ಯಾರೋ ಕೋಡ್ ಅಳಿಸಿದ್ದಾರೆ, ಅಥವಾ ಬ್ಯಾಟರಿ ತೆಗೆದು ಹಾಕಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವುದು ನಿಮಗೆ ಒಂದು ಲೆಕ್ಕದಲ್ಲಿ ಲಾಭ. ಸ್ಮಾಗ್ ಸರ್ಟಿಫಿಕೇಟ್ (ಹೊಗೆ ತಪಾಸಣೆಯ ಪತ್ರ) ಮಾಡಿಸಿಕೊಡುವುದು ಮಾರುವವರ ಜವಾಬ್ದಾರಿ, 90 ದಿನದೊಳಗಿನದು ಇರಬೇಕು. "ನೀವೇ ಮಾಡಿಸಿಕೊಳ್ಳಿ, ನೂರು ಡಾಲರ್ ಕಡಿಮೆ ಮಾಡ್ತೀನಿ" ಅಂದರೆ ಒಪ್ಪಬೇಡಿ. ಕ್ಯಾಟ್ ಕಿತ್ತು ಬರೀ ಪೈಪ್ ಹಾಕಿರುವ ಕಾರುಗಳು ಬೇಕಾದಷ್ಟಿವೆ. ಸದ್ದು ಚೆನ್ನಾಗಿರುತ್ತದೆ, ಸ್ಮಾಗ್ ಪಾಸ್ ಆಗಲ್ಲ.

ಓಡಿಸುವಾಗ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮಾಲೀಕರನ್ನು ಕೇಳಿ ಎರಡನೇ ಗಿಯರಿನಲ್ಲಿ 9,000ದ ತನಕ ಎಳೆಯಿರಿ. ರೆಡ್‌ಲೈನ್ ಹತ್ತಿರ ಒಂದು ಬೀಪ್ ಬರುತ್ತದೆ, ಅದು ಕೇಳಿಸದಿದ್ದರೆ ನೀವು ಸರಿಯಾಗಿ ಓಡಿಸಿಲ್ಲ. ಇದು ಕೆಳಗಿನ ಆರ್‌ಪಿಎಂನಲ್ಲಿ ಸಪ್ಪೆ ಕಾರು, ಅದು ರೋಗವಲ್ಲ, ಸ್ವಭಾವ. ಆದರೆ 4,000 ದಾಟಿದ ಮೇಲೆ ಒಂದೇ ಸಮನೆ ಏರಬೇಕು. ನಡುವೆ ಮುಗ್ಗರಿಸಿದರೆ ಕಾಯಿಲ್, ಮೇಲೆ ಹೋದ ಹಾಗೆ ಉಸಿರು ಕಟ್ಟಿದರೆ ಕ್ಯಾಟ್ ಅಥವಾ ಇನ್‌ಟೇಕ್‌ನ ವಾಲ್ವ್‌ಗಳಲ್ಲಿ ಕರಿ. "ಎಂಜಿನ್ ಪಾಪ, ನಾನು ಯಾವತ್ತೂ 4,000 ದಾಟಿಸಿಲ್ಲ" ಅಂತ ಹೇಳುವ ಮಾಲೀಕರಿಗೆ ನನ್ನ ಲೆಕ್ಕದಲ್ಲಿ ಮೈನಸ್ ಮಾರ್ಕ್. ಮೆತ್ತಗೆ ಓಡಿಸಿದ ರೋಟರಿಯಲ್ಲಿ ಕರಿ ಕಟ್ಟುತ್ತದೆ. ಕ್ಲಚ್ ಪೆಡಲ್ ಕಿರ್ ಕಿರ್ ಅಂದರೆ ಅದರ ಬ್ರಾಕೆಟ್ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ, ಹಳೆಯ ಮಾಡೆಲ್‌ಗಳಲ್ಲಿ ಇದು ಮಾಮೂಲು. ಗಿಯರ್ ಹಾಕುವಾಗ ಧಡ್ ಅಂದರೆ ಎಂಜಿನ್ ಮೌಂಟ್. ಇವೆಲ್ಲ ಸಣ್ಣ ದುಡ್ಡಿನ ಕೆಲಸ, ಚೌಕಾಶಿಗೆ ಬರುತ್ತವೆ. ಆಮೇಲೆ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಹಾಕಿ ರೀಕಾಲ್, ಅಂದರೆ ಕಂಪನಿ ರಿಪೇರಿಗೆ ವಾಪಸ್ ಕರೆದಿದೆಯಾ ಅಂತ ನೋಡಿ, ಈ ಕಾರಿಗೆ ಟಕಾಟಾ ಏರ್‌ಬ್ಯಾಗ್ ರೀಕಾಲ್ ಇದೆ. ಬದಲಾಯಿಸದೇ ಇದ್ದರೆ ಡೀಲರ್ ಹತ್ತಿರ ಪುಕ್ಕಟೆ ಆಗುತ್ತದೆ, ಆಗುವ ತನಕ ಓಡಿಸಬೇಡಿ.

78 ಸಾವಿರ ಮೈಲಿ ಜಾಸ್ತಿಯಾ ಕಡಿಮೆಯಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಈ ಎಂಜಿನ್ನುಗಳು ಬೇಗ ಹೋಗುತ್ತಿವೆ ಅಂತ ಗೊತ್ತಾಗಿ ಅಮೆರಿಕದಲ್ಲಿ ಮಜ್ದಾ 2004ರಿಂದ 2008ರ ಕಾರುಗಳ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಿತ್ತು. ಆಗ ಎಷ್ಟೋ ಕಾರುಗಳಿಗೆ ಬೇರೆ ಎಂಜಿನ್ ಬಂತು. ನೀವು ನೋಡಿರುವ ಕಾರಿನ ವಾರಂಟಿ ಮುಗಿದು ಎಷ್ಟೋ ವರ್ಷ ಆಯಿತು, ಆದರೆ ಡೀಲರ್ ಹತ್ತಿರ ವಿನ್ ಕೊಟ್ಟು ಹಳೆಯ ಸರ್ವಿಸ್ ದಾಖಲೆ ಕೇಳಿ. ಬೇರೆ ಕಾರಿನಲ್ಲಿ "ಎಂಜಿನ್ ಬದಲಾಗಿದೆ" ಅಂದರೆ ಹೆದರಬೇಕು, ಇದರಲ್ಲಿ 60 ಸಾವಿರಕ್ಕೆ ಬದಲಾಗಿದೆ ಅಂದರೆ ನಾನಾದರೆ ಸಿಹಿ ಹಂಚುತ್ತೇನೆ.

ಇನ್ನು ನಿಮ್ಮ ಮೂರು ಮೈಲಿ ಆಫೀಸು. ಬೇಸರ ಮಾಡಿಕೊಳ್ಳಬೇಡಿ, ದಿನಾ ಆಫೀಸಿಗೆ ಈ ಕಾರು ಬೇಡ. ಎಂಜಿನ್ ಬಿಸಿಯಾಗುವಷ್ಟರಲ್ಲಿ ನೀವು ಪಾರ್ಕ್ ಮಾಡಿರುತ್ತೀರಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಹತ್ತಡಿ ಮುಂದೆ ತಂದು ಆಫ್ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಏಳುವುದೇ ಇಲ್ಲ. ಇದಕ್ಕೆ ಫ್ಲಡ್ ಆಗುವುದು ಅನ್ನುತ್ತೇವೆ. ನನ್ನ ಕಾರು ಹೀಗಾಗಿದ್ದು ಆಯುಧ ಪೂಜೆ ದಿನ. ಗರಾಜಿನಿಂದ ಹೊರಗೆ ತಂದು ಆಫ್ ಮಾಡಿದೆ, ಕುಂಕುಮ, ಹೂವು, ಕಾಯಿ ಎಲ್ಲ ಆಯಿತು, ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟು ಕೀ ತಿರುಗಿಸಿದರೆ ಇಲ್ಲ! ಮನೆಯವಳು ಮಂಗಳಾರತಿ ತಟ್ಟೆ ಹಿಡಿದು ನಿಂತೇ ಇದ್ದಳು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದರೆ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಒಳಗಿರುವುದು ಹೊರಗೆ ಹೋಗುತ್ತದೆ. ಹಾಗೆ ಮೂರ್ನಾಲ್ಕು ಸಲ ಮಾಡಿ ಒಂದು ಮೋಡ ಹೊಗೆ ಎಬ್ಬಿಸಿದ ಮೇಲೆ ನಿಂಬೆಹಣ್ಣು ಒಡೆಯಿತು. ನೀವು ಪೂಜೆಗೆ ಲಿವರ್‌ಮೋರ್ ದೇವಸ್ಥಾನಕ್ಕೇ ಹೋಗಿ, ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಿರುತ್ತದೆ.

ಆಫೀಸಿಗೆ ಬೇರೆ ಕಾರಿದ್ದು ಇದನ್ನು ವಾರಾಂತ್ಯಕ್ಕೆ ಬೆಟ್ಟದ ರಸ್ತೆಗೆ ಅಂತ ಇಟ್ಟುಕೊಳ್ಳುವುದಾದರೆ ಧಾರಾಳವಾಗಿ ನೋಡಿ. ಮೈಲೇಜ್ ಬಗ್ಗೆ ಕೇಳಲೇಬೇಡಿ, ಊರೊಳಗೆ ಗ್ಯಾಲನ್‌ಗೆ 16 ಮೈಲಿ ಸಿಕ್ಕರೆ ಪುಣ್ಯ, ಅದೂ ಪ್ರೀಮಿಯಂ ಪೆಟ್ರೋಲ್. ಸ್ವಲ್ಪ ಜಾಸ್ತಿ ದುಡ್ಡು ಹಾಕಲು ಆಗುವುದಾದರೆ 2009ರ ಅಥವಾ ಆಮೇಲಿನ ಮಾಡೆಲ್ ಹುಡುಕಿ, ಅದರಲ್ಲಿ ಪ್ರತಿ ರೋಟರಿಗೆ ಎರಡರ ಬದಲು ಮೂರು ಕಡೆ ಆಯಿಲ್ ಬೀಳುತ್ತದೆ, ಎಂಜಿನ್ ಹೆಚ್ಚು ಬಾಳುತ್ತದೆ. ಸಿಗುವುದು ಕಷ್ಟ, ಸಿಕ್ಕರೆ ಬೆಲೆಯೂ ಹಾಗೇ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಎಂಜಿನ್ ಬಿಚ್ಚಿ ಹೊಸ ಸೀಲ್ ಹಾಕಿಸಲು ಅಥವಾ ರೀಬಿಲ್ಟ್ ಎಂಜಿನ್ ಕೂರಿಸಲು ಕೂಲಿ ಸೇರಿ ಐದಾರು ಸಾವಿರ ಡಾಲರ್ ಎತ್ತಿಡಬೇಕು. ಆರೂ ಅಂಕಿ 730ರ ಮೇಲಿದ್ದು, ಹಾಟ್ ಸ್ಟಾರ್ಟ್ ಚೆನ್ನಾಗಿದ್ದು, ಕಾಯಿಲ್ ರಸೀದಿ ಇದ್ದರೆ 5,500 ಕೊಡಬಹುದು, ಅದರಲ್ಲೂ ಐನೂರು ಬಿಡಿಸಿ. 680ರಿಂದ 730ರ ನಡುವೆ ಇದ್ದರೆ ಇನ್ನು ಒಂದೆರಡು ವರ್ಷದಲ್ಲಿ ಎಂಜಿನ್ ಖರ್ಚು ನಿಮ್ಮದೇ ಅಂತ ತಿಳಿದು ಮೂರು, ಮೂರೂವರೆ ಸಾವಿರ ಹೇಳಿ. ಟೆಸ್ಟ್ ಮಾಡಿಸಲು ಬಿಡಲ್ಲ ಅಂದರೆ, ಅದರ ಖರ್ಚು ನಾನೇ ಕೊಡ್ತೀನಿ ಅಂತ ನೀವು ಹೇಳಿದ ಮೇಲೂ ಬಿಡಲ್ಲ ಅಂದರೆ, ಅವರ ಹತ್ತಿರ ಆ ಅಂಕಿ ಆಗಲೇ ಇದೆ ಅಂತ ಅರ್ಥ.

ಶೀಟು ಕೈಗೆ ಬಂದಾಗ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಆರ್‌ಪಿಎಂ ಬರೆಸಿಕೊಳ್ಳುವುದು ಮರೆಯಬೇಡಿ.